ಸುಡುವ ಮುನ್ನ ಸೀಳಿ ನೋಡಿ: ಕಾಫಿಯ ಕಾಂಡಕೊರಕವನ್ನು ಕೊಲ್ಲುವ ಕಣಜಗಳನ್ನು ಗುರುತಿಸುವ, ಉಳಿಸಿಕೊಳ್ಳುವ ಕ್ರಮ

ಅರೇಬಿಕಾ ಕಾಫಿ ಬೆಳೆಯುವವರಿಗೆ ಬೋರರ್, ಅಂದರೆ ಕಾಂಡಕೊರಕ, ಹಿಡಿದ ಗಿಡವನ್ನು ಏನು ಮಾಡಬೇಕೆಂದು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ತೋಟವನ್ನು ಸಾಲುಸಾಲಾಗಿ ನಡೆದು ನೋಡಬೇಕು, ಕಾಂಡದ ತೊಗಟೆಯ ಮೇಲೆ ಉಬ್ಬುಗೆರೆ ಕಂಡ ಗಿಡಕ್ಕೆ ಗುರುತು ಹಾಕಬೇಕು, ಬೇರುಸಹಿತ ಕಿತ್ತು ಸುಡಬೇಕು. ಈ ಕ್ರಮ ಸರಿಯಾಗಿದೆ, ಅದನ್ನು ಕೈಬಿಡುವ ಪ್ರಶ್ನೆಯೇ ಇಲ್ಲ. ಆದರೆ ಆ ಬೆಂಕಿಯಲ್ಲಿ ಕಾಂಡಕೊರಕದ ಮರಿಹುಳುಗಳೊಂದಿಗೆ ಅವುಗಳನ್ನೇ ತಿಂದು ಬೆಳೆಯುತ್ತಿರುವ ಪರತಂತ್ರ ಕಣಜಗಳೂ ಬೂದಿಯಾಗುತ್ತವೆ ಎಂಬುದನ್ನು ಗಮನಿಸುವವರು ಕಡಿಮೆ. ಗಿಡ ಕಿತ್ತ ದಿನಕ್ಕೂ ಸುಡುವ ದಿನಕ್ಕೂ ನಡುವೆ ಸ್ವಲ್ಪ ಕೆಲಸ ಸೇರಿಸಿಕೊಂಡರೆ ಈ ಕಣಜಗಳು ನಮ್ಮ ತೋಟದಲ್ಲಿ ಇವೆಯೇ ಎಂದು ತಿಳಿಯಬಹುದು, ಇದ್ದರೆ ಅವುಗಳಲ್ಲಿ ಒಂದು ಪಾಲನ್ನು ತೋಟಕ್ಕೇ ಹಿಂದಿರುಗಿಸಬಹುದು. ಆ ಕೆಲಸವನ್ನು ಮಾಡುವ ಬಗೆಯನ್ನು ಮುಂದೆ ವಿವರಿಸಲಾಗಿದೆ.

ಪರತಂತ್ರ ಕಣಜವೆಂದರೆ ಮನೆಯ ಸೂರಿನಲ್ಲಿ ಗೂಡು ಕಟ್ಟಿ ಗುಂಪಾಗಿ ಕಚ್ಚಲು ಬರುವ ಕಣಜವಲ್ಲ. ಇವುಗಳಲ್ಲಿ ಹೆಚ್ಚಿನವು ಕೆಲವೇ ಮಿಲಿಮೀಟರ್ ಉದ್ದದವು, ಗುಂಪು ಕಟ್ಟದೆ ಒಂಟಿಯಾಗಿ ಬದುಕುವಂಥವು. ಹೆಣ್ಣು ಕಣಜ ಬೇರೊಂದು ಕೀಟದ ಮೊಟ್ಟೆ, ಮರಿಹುಳು ಅಥವಾ ಕೋಶದ ಮೇಲಾಗಲಿ ಒಳಗಾಗಲಿ ತನ್ನ ಮೊಟ್ಟೆಯಿಡುತ್ತದೆ, ಆ ಮೊಟ್ಟೆಯಿಂದ ಹೊರಬಂದ ಮರಿ ಆಸರೆ ಕೊಟ್ಟ ಕೀಟವನ್ನು ತಿಂದು ಮುಗಿಸಿಯೇ ದೊಡ್ಡದಾಗುತ್ತದೆ. ಪರಭಕ್ಷಕ ಕೀಟಕ್ಕೆ ಬದುಕಲು ಹಲವು ಬೇಟೆ ಬೇಕು, ಪರತಂತ್ರ ಕಣಜದ ಮರಿಗಳಿಗೆ ಒಂದೇ ಮರಿಹುಳು ಸಾಕು.

ಮೊದಲು ಕಾಂಡಕೊರಕದ ವರ್ಷಚಕ್ರ

ಕಣಜವನ್ನು ಹುಡುಕಲು ಹೊರಡುವ ಮೊದಲು ಅದರ ಆಹಾರ ಯಾವ ತಿಂಗಳಿನಲ್ಲಿ ಎಲ್ಲಿರುತ್ತದೆ ಎಂಬುದು ಸ್ಪಷ್ಟವಾಗಿರಬೇಕು. ಬಿಳಿ ಕಾಂಡಕೊರಕವು ಉದ್ದಮೀಸೆಯ ದುಂಬಿಗಳ ಕುಟುಂಬಕ್ಕೆ ಸೇರಿದ್ದು, ಅದರ ವೈಜ್ಞಾನಿಕ ಹೆಸರು ಕ್ಸೈಲೊಟ್ರೆಕಸ್ ಕ್ವಾಡ್ರಿಪಿಸ್. ಒಂದೂವರೆ ಸೆಂಟಿಮೀಟರ್ ಆಸುಪಾಸಿನ ಕಪ್ಪು ದುಂಬಿ, ಮುಂದಿನ ರೆಕ್ಕೆಗಳ ಮೇಲೆ ಬಿಳಿಯ ಪಟ್ಟೆಗಳು. ವರ್ಷಕ್ಕೆ ಎರಡು ಬಾರಿ, ಅಂದರೆ ಮುಂಗಾರಿಗೆ ಮುಂಚೆ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ, ಮಳೆ ಹಿಂದೆ ಸರಿದ ಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ದುಂಬಿಗಳು ಹೆಚ್ಚಾಗಿ ಹೊರಬರುತ್ತವೆ. ಬಿಸಿಲು ಚೆನ್ನಾಗಿರುವ ಹೊತ್ತಿನಲ್ಲಿ ಅವು ಚುರುಕು. ಹೆಣ್ಣು ದುಂಬಿ ಮುಖ್ಯ ಕಾಂಡದ ಮತ್ತು ದಪ್ಪ ಕೊಂಬೆಗಳ ತೊಗಟೆಯ ಬಿರುಕುಗಳಲ್ಲಿ, ಎದ್ದುನಿಂತ ಸಡಿಲ ತೊಗಟೆಯ ಅಡಿಯಲ್ಲಿ ಮೊಟ್ಟೆಯಿಡುತ್ತದೆ.

ಎಂಟು ಹತ್ತು ದಿನಗಳಲ್ಲಿ ಮೊಟ್ಟೆಯೊಡೆದ ಮರಿಹುಳು ಮೊದಲು ತೊಗಟೆಯ ಕೆಳಗಿನ ಮೆದು ಪದರವನ್ನು ತಿನ್ನುತ್ತದೆ, ಹೊರಗೆ ಕಾಣುವ ಉಬ್ಬುಗೆರೆಗೆ ಇದೇ ಕಾರಣ. ಸ್ವಲ್ಪ ಬಲಿತ ಮೇಲೆ ಗಟ್ಟಿಮರದೊಳಗೆ ನುಗ್ಗಿ ಎಲ್ಲ ದಿಕ್ಕುಗಳಿಗೂ ಸುರಂಗ ಕೊರೆಯುತ್ತದೆ, ಕೆಲವೊಮ್ಮೆ ಬೇರಿನವರೆಗೂ ಇಳಿಯುತ್ತದೆ. ಹುಳು ಮುಂದೆ ಸಾಗುತ್ತಾ ತನ್ನ ಹಿಂದಿನ ದಾರಿಯನ್ನು ಮರದ ಹುಡಿಯಿಂದ ಬಿಗಿಯಾಗಿ ತುಂಬಿಸಿಬಿಡುತ್ತದೆ. ಮರಿಹುಳುವಿನ ಹಂತ ಒಂಬತ್ತು ಹತ್ತು ತಿಂಗಳು ನಡೆಯುತ್ತದೆ. ನಂತರ ಕಾಂಡದ ಹೊರಮೈಗೆ ಹತ್ತಿರ ಬಂದು ಕೋಶವಾಗಿ, ಸುಮಾರು ಒಂದು ತಿಂಗಳಲ್ಲಿ ದುಂಬಿಯಾಗಿ, ದುಂಡನೆಯ ರಂಧ್ರ ಕೊರೆದು ಹೊರಬರುತ್ತದೆ. ಎಳೆಯ ಗಿಡವಾದರೆ ಒಂದೇ ವರ್ಷದಲ್ಲಿ ಒಣಗಬಹುದು, ಹಳೆಯ ಗಿಡ ಕೆಲವು ವರ್ಷ ಕುಂಟುತ್ತಾ ಕಡಿಮೆ ಫಸಲು ಕೊಡುತ್ತಾ ನಿಲ್ಲುತ್ತದೆ.

ಈ ಚಕ್ರದಲ್ಲಿ ಕಣಜಗಳಿಗೆ ಮೂರು ಬಾಗಿಲುಗಳಿವೆ ಎನ್ನಬಹುದು. ಮೊಟ್ಟೆ ಹೊರಗಡೆ ಇರುವ ಹತ್ತು ದಿನ ಮೊದಲನೆಯದು. ಮರಿಹುಳು ತೊಗಟೆಯ ಕೆಳಗೇ ಇರುವ ಆರಂಭದ ಅವಧಿ ಎರಡನೆಯದು. ಹುಳು ಗಟ್ಟಿಮರದೊಳಗಿರುವ ತಿಂಗಳುಗಳು ಮೂರನೆಯದು, ಅದು ಅತ್ಯಂತ ದೀರ್ಘವೂ ಹೌದು, ಅತ್ಯಂತ ಕಠಿಣವೂ ಹೌದು.

ಹೊರದೇಶಗಳ ಅನುಭವ ಇಲ್ಲಿ ನೆರವಿಗೆ ಬರುತ್ತದೆ. ಕ್ಯಾಲಿಫೋರ್ನಿಯಾದ ನೀಲಗಿರಿ ಮರಗಳನ್ನು ಹಾಳುಮಾಡುತ್ತಿದ್ದ ಆಸ್ಟ್ರೇಲಿಯಾ ಮೂಲದ ಉದ್ದಮೀಸೆ ದುಂಬಿಯೊಂದನ್ನು 1990ರ ದಶಕದಲ್ಲಿ ಹತೋಟಿಗೆ ತಂದದ್ದು ಅವೆಟಿಯನೆಲ್ಲಾ ಲಾಂಗೊಯಿ ಎಂಬ ಮೊಟ್ಟೆಯ ಪರತಂತ್ರ ಕಣಜ, ಅಂದರೆ ಮೊದಲನೆಯ ಬಾಗಿಲಿನಿಂದ ಒಳಹೊಕ್ಕದ್ದು. ಅಮೆರಿಕದಲ್ಲಿ 2002ರಲ್ಲಿ ಪತ್ತೆಯಾಗಿ ಕೋಟ್ಯಂತರ ಆಶ್ ಮರಗಳನ್ನು ಕೊಂದ ಹಸಿರು ಕೊರಕ ದುಂಬಿಯ ವಿರುದ್ಧ 2007ರಿಂದ ಚೀನಾ ಮೂಲದ ಕಣಜಗಳನ್ನು ಬಿಡಲಾಯಿತು. ಅವುಗಳಲ್ಲಿ ಟೆಟ್ರಾಸ್ಟೈಕಸ್ ಪ್ಲಾನಿಪೆನ್ನಿಸಿ ಎಂಬುದು ಎಳೆಯ ಮರಗಳಲ್ಲಿ ಚೆನ್ನಾಗಿ ನೆಲೆಯೂರಿತು, ದಪ್ಪ ತೊಗಟೆಯ ದೊಡ್ಡ ಮರಗಳಲ್ಲಿ ಸೋತಿತು, ಏಕೆಂದರೆ ಅದರ ಮೊಟ್ಟೆಯಿಡುವ ನಾಳ ಎರಡು ಎರಡೂವರೆ ಮಿಲಿಮೀಟರ್‌ಗಿಂತ ಉದ್ದವಿಲ್ಲ. ಅಷ್ಟು ಗಿಡ್ಡ ನಾಳದಿಂದ ದಪ್ಪ ತೊಗಟೆಯಾಚೆಯ ಹುಳುವನ್ನು ಮುಟ್ಟಲಾಗದು. ಆಮೇಲೆ 2015ರಲ್ಲಿ ಉದ್ದ ನಾಳವಿರುವ ಸ್ಪೇಥಿಯಸ್ ಗಲಿನೇ ಎಂಬ ರಷ್ಯಾದ ಕಣಜಕ್ಕೆ ಅನುಮತಿ ಕೊಡಬೇಕಾಯಿತು. ಕಾಫಿಯ ತೊಗಟೆ ತೆಳುವಾಗಿರುವುದು ನಮಗೆ ಅನುಕೂಲ, ಆದರೆ ಹುಳು ಬೇಗನೆ ಗಟ್ಟಿಮರ ಸೇರುವುದು ಆ ಅನುಕೂಲವನ್ನು ಬಹುಪಾಲು ಕಿತ್ತುಕೊಳ್ಳುತ್ತದೆ.

ಯಾವ ಕಣಜ, ಹೇಗೆ ಗುರುತಿಸುವುದು

ನಮ್ಮ ಮಲೆನಾಡಿನ ಕಾಂಡಕೊರಕದ ಮೇಲೆ ದಾಖಲಾಗಿರುವ ಕಣಜಗಳಲ್ಲಿ ಎರಡನ್ನು ಬೆಳೆಗಾರರು ಮುಖ್ಯವಾಗಿ ತಿಳಿದಿರಬೇಕು.

ಮೊದಲನೆಯದು ಅಪೆನೇಸಿಯಾ ಸಹ್ಯಾದ್ರಿಕಾ. ಬೆಥಿಲಿಡೇ ಕುಟುಂಬದ ಈ ಕಣಜವನ್ನು 2006ರಲ್ಲಿ ಹೊಸ ಪ್ರಭೇದವೆಂದು ವಿವರಿಸಲಾಯಿತು, ವಿವರಣೆಗೆ ಆಧಾರವಾದದ್ದು ಬಿಳಿ ಕಾಂಡಕೊರಕದ ಮರಿಹುಳುಗಳಿಂದ ಪಡೆದ ಮಾದರಿಗಳೇ. ಅಪೆನೇಸಿಯಾ ಗುಂಪಿನ ವಿಶೇಷವೆಂದರೆ ಗಂಡಿಗೂ ಹೆಣ್ಣಿಗೂ ಇರುವ ಅಗಾಧ ವ್ಯತ್ಯಾಸ. ಗಂಡಿಗೆ ರೆಕ್ಕೆಯಿದೆ, ಕಣ್ಣು ದೊಡ್ಡದು, ನೋಡಿದರೆ ಕಣಜವೆಂದು ತಿಳಿಯುತ್ತದೆ. ಹೆಣ್ಣಿಗೆ ರೆಕ್ಕೆಯೇ ಇಲ್ಲ, ಕಣ್ಣು ಇದ್ದೂ ಇಲ್ಲದಷ್ಟು ಚಿಕ್ಕದು, ದೇಹ ನೀಳವಾಗಿ ಚಪ್ಪಟೆಯಾಗಿದ್ದು ಥೇಟ್ ಇರುವೆಯಂತೆ ಕಾಣುತ್ತದೆ. ಕಾಂಡ ಸೀಳಿದಾಗ ಸುರಂಗದೊಳಗೆ ಓಡಾಡುವ ಈ ಹೆಣ್ಣನ್ನು ಇರುವೆಯೆಂದು ಭಾವಿಸಿ ಹೊಸಕಿಬಿಡುವುದು ಬಹಳ ಸಹಜ. ಗುರುತಿಸುವ ದಾರಿ ಸರಳವಾಗಿದೆ: ಇರುವೆಗೆ ಎದೆ ಮತ್ತು ಹೊಟ್ಟೆಯ ನಡುವಿನ ಸಣ್ಣ ಸೊಂಟದಲ್ಲಿ ಎದ್ದು ಕಾಣುವ ಗಂಟೊಂದಿರುತ್ತದೆ, ಮೀಸೆ ಮೊಣಕೈಯಂತೆ ಬಾಗಿರುತ್ತದೆ, ಈ ಕಣಜದ ಸೊಂಟದಲ್ಲಿ ಅಂಥ ಗಂಟಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರವೊಂದು ಜೇಬಿನಲ್ಲಿದ್ದರೆ ಈ ವ್ಯತ್ಯಾಸ ತೋಟದಲ್ಲೇ ಗೊತ್ತಾಗುತ್ತದೆ.

ರೆಕ್ಕೆಯಿಲ್ಲದಿರುವುದು ಈ ಹೆಣ್ಣಿಗೆ ಕೊರತೆಯಲ್ಲ. ಹುಡಿ ತುಂಬಿದ ಕಿರಿದಾದ ಸುರಂಗದಲ್ಲಿ ತೂರಿಕೊಂಡು ಹೋಗಿ ಹುಳುವನ್ನು ತಲುಪಬೇಕಾದ ಜೀವಿಗೆ ರೆಕ್ಕೆ ಬರೀ ಅಡಚಣೆ. ಮೂರನೆಯ ಬಾಗಿಲು ತೆರೆಯುವುದು ಇಂಥ ದೇಹಕ್ಕೇ. ಈ ಕುಟುಂಬದ ಹೆಣ್ಣುಗಳು ತಮಗಿಂತ ಎಷ್ಟೋ ದೊಡ್ಡದಾದ ಮರಿಹುಳುವನ್ನು ಕುಟುಕಿ ನಿಶ್ಚೇಷ್ಟಗೊಳಿಸುತ್ತವೆ, ಅದರ ಹೊರಮೈ ಮೇಲೆ ಮೊಟ್ಟೆಗಳನ್ನಿಡುತ್ತವೆ. ಹುಳು ಸತ್ತು ಕೊಳೆಯುವುದಿಲ್ಲ, ಅಲುಗಾಡದೆ ತಾಜಾ ಆಹಾರವಾಗಿ ಉಳಿಯುತ್ತದೆ.

ಎರಡನೆಯದು ಬ್ರಾಕೊನಿಡೇ ಕುಟುಂಬದ ಅಲೊರ್ಹೊಗಾಸ್ ಪ್ಯಾಲಿಡಿಸೆಪ್ಸ್. ಇದರ ಹೆಣ್ಣಿನ ಹಿಂಭಾಗದಲ್ಲಿ ಸೂಜಿಯಂಥ ಮೊಟ್ಟೆಯಿಡುವ ನಾಳ ಬರಿಗಣ್ಣಿಗೂ ಕಾಣುತ್ತದೆ. ಮರ ಕೊರೆಯುವ ಹುಳುಗಳನ್ನು ಹುಡುಕುವ ಬ್ರಾಕೊನಿಡ್ ಕಣಜಗಳು ಕಾಂಡದ ಮೇಲೆ ನಡೆದಾಡುತ್ತಾ ಮೀಸೆಯಿಂದ ತಟ್ಟಿ ನೋಡುತ್ತವೆ, ಹುಳು ಮರ ಕಡಿಯುವಾಗ ಉಂಟಾಗುವ ಕಂಪನವನ್ನೂ ಹುಡಿಯ ವಾಸನೆಯನ್ನೂ ಹಿಡಿದು ಸ್ಥಳ ಗೊತ್ತುಮಾಡಿಕೊಳ್ಳುತ್ತವೆ, ಅನಂತರ ನಾಳವನ್ನು ತೊಗಟೆಯೊಳಗೆ ಇಳಿಸುತ್ತವೆ. ಮರದ ಮೂಲಕ ಚುಚ್ಚುವ ಹಲವು ಕಣಜಗಳ ನಾಳದ ತುದಿಯಲ್ಲಿ ಸತು ಅಥವಾ ಮ್ಯಾಂಗನೀಸ್ ಸೇರಿಕೊಂಡು ಅದನ್ನು ಗಟ್ಟಿಗೊಳಿಸಿರುತ್ತದೆ ಎಂಬುದು ಕೀಟಶಾಸ್ತ್ರದ ಸೋಜಿಗಗಳಲ್ಲೊಂದು.

ಇವೆರಡರ ಹೊರತಾಗಿ ಲೋಹದ ಹೊಳಪಿನ ಸಣ್ಣ ಕಣಜಗಳೂ, ಕಪ್ಪನೆಯ ಗೂನುಬೆನ್ನಿನ ಕಣಜಗಳೂ ಬೋರರ್ ಕಾಂಡದಿಂದ ಹೊರಬರಬಹುದು. ಹಾಗೆ ಬಂದದ್ದೆಲ್ಲವೂ ನಮ್ಮ ಮಿತ್ರ ಎಂದುಕೊಳ್ಳಬಾರದು. ಕೆಲವು ಕಣಜಗಳು ಪರತಂತ್ರ ಕಣಜಗಳನ್ನೇ ತಿಂದು ಬೆಳೆಯುತ್ತವೆ, ಇನ್ನು ಕೆಲವು ಒಣಗಿದ ಕಟ್ಟಿಗೆಗೆ ಆಮೇಲೆ ಬಂದು ಸೇರಿದ ಬೇರೆ ದುಂಬಿಗಳ ಮೇಲೆ ಬದುಕುವಂಥವು. ಈ ಗೊಂದಲ ತಪ್ಪಬೇಕಾದರೆ ಒಣಗಿ ತಿಂಗಳುಗಟ್ಟಲೆ ನಿಂತ ಗಿಡವನ್ನು ಆರಿಸದೆ, ಎಲೆ ಹಳದಿಯಾಗಿ ಬಾಡುತ್ತಿರುವ ಅಥವಾ ಇನ್ನೂ ಹಸಿರಿರುವ ಬೋರರ್ ಗಿಡವನ್ನೇ ಪರೀಕ್ಷೆಗೆ ತೆಗೆದುಕೊಳ್ಳಬೇಕು.

ಕಾಂಡ ಸೀಳಿ ಎಣಿಸುವುದು

ತೋಟದ ಪ್ರತಿ ಬ್ಲಾಕಿನಲ್ಲಿ, ಅಂದರೆ ವಿಭಾಗದಲ್ಲಿ, ಗುರುತು ಹಾಕಿದ ಗಿಡಗಳ ಪೈಕಿ ಹತ್ತಾರನ್ನು ಪರೀಕ್ಷೆಗೆ ಎತ್ತಿಡುವುದು ಮೊದಲ ಹೆಜ್ಜೆ. ನೆರಳು ತೆಳುವಾಗಿರುವ ಕಡೆಯಿಂದಲೂ ದಟ್ಟವಾಗಿರುವ ಕಡೆಯಿಂದಲೂ, ಎಳೆಯ ಗಿಡವನ್ನೂ ಹಳೆಯ ಗಿಡವನ್ನೂ ಆರಿಸಿಕೊಂಡರೆ ಮುಂದೆ ಹೋಲಿಕೆಗೆ ಅರ್ಥ ಬರುತ್ತದೆ. ಕಿತ್ತ ಗಿಡದ ಕೊಂಬೆಗಳನ್ನು ಸವರಿ, ಮುಖ್ಯ ಕಾಂಡವನ್ನು ಬೇರಿನ ಗಡ್ಡೆಯ ಸಮೇತ ಒಂದೂವರೆ ಅಡಿಯ ತುಂಡುಗಳಾಗಿ ಗರಗಸದಿಂದ ಕೊಯ್ಯಬೇಕು. ಕತ್ತಿಯಿಂದ ಹೊಡೆದು ತುಂಡು ಮಾಡಿದರೆ ಒಳಗಿನ ಗೂಡುಗಳು ಜಜ್ಜಿಹೋಗುತ್ತವೆ. ತುಂಡುಗಳಲ್ಲಿ ಅರ್ಧದಷ್ಟನ್ನು ಸೀಳಿ ನೋಡಲು, ಉಳಿದರ್ಧವನ್ನು ಮುಂದೆ ಹೇಳುವ ಕತ್ತಲೆ ಡಬ್ಬಿಯಲ್ಲಿಡಲು ಬೇರ್ಪಡಿಸಬೇಕು.

ಸೀಳುವಾಗ ಅವಸರ ಕೂಡದು. ಬಿಳಿಯ ಬಟ್ಟೆ ಅಥವಾ ಕಾಗದ ಹಾಸಿ, ಮೊದಲು ಚಾಕುವಿನಿಂದ ತೊಗಟೆಯನ್ನು ಪಟ್ಟಿಯಾಗಿ ಎಬ್ಬಿಸಿ ಕೆಳಗಿನ ಪದರವನ್ನು ನೋಡಬೇಕು, ನಂತರ ಉಳಿಯನ್ನು ಮರದ ನಾರಿನ ಜಾಡಿನಲ್ಲಿಟ್ಟು ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಕಾಂಡವನ್ನು ಉದ್ದಕ್ಕೆ ತೆರೆಯಬೇಕು. ಸುರಂಗದಲ್ಲಿ ಸಿಗುವ ಪ್ರತಿಯೊಂದು ಹುಳುವನ್ನೂ ಬ್ರಷ್ಷಿನ ತುದಿಯಿಂದ ಮೆಲ್ಲಗೆ ಮುಟ್ಟಿ ನೋಡಬೇಕು. ಕೂಡಲೇ ಮೈ ಮುದುಡಿ, ದವಡೆ ಆಡಿಸಿದರೆ ಅದು ಆರೋಗ್ಯವಂತ ಹುಳು. ದುಂಡಗೆ ಕೆನೆಬಣ್ಣದಲ್ಲೇ ಇದ್ದರೂ ಅಲುಗಾಡದಿದ್ದರೆ ಕಣಜ ಕುಟುಕಿರುವ ಸಾಧ್ಯತೆ ಹೆಚ್ಚು. ಮಸೂರದಲ್ಲಿ ನೋಡಿದರೆ ಮೈಮಡಿಕೆಗಳ ಮೇಲೆ ಅಂಟಿಕೊಂಡ ಉದ್ದನೆಯ ಸಣ್ಣ ಮೊಟ್ಟೆಗಳೋ, ಗಾಳಿ ಹೋದ ಚೀಲದಂತಾದ ಹುಳುವಿಗೆ ತಲೆ ಹುಗಿದು ತಿನ್ನುತ್ತಿರುವ ಕಾಲಿಲ್ಲದ ಮರಿಗಳೋ ಕಾಣಬಹುದು. ಹುಳುವಿನ ಬದಲಿಗೆ ಸುರಂಗದಲ್ಲಿ ರೇಷ್ಮೆಯ ತೆಳುಗೂಡುಗಳು ಸಿಕ್ಕಿ, ಪಕ್ಕದಲ್ಲಿ ಸುಕ್ಕಿದ ಚರ್ಮವೂ ಕಂದುಬಣ್ಣದ ತಲೆಚಿಪ್ಪೂ ಉಳಿದಿದ್ದರೆ ಕಣಜ ತನ್ನ ಕೆಲಸ ಮುಗಿಸಿದೆ ಎಂದರ್ಥ. ಮೈ ಗಟ್ಟಿಯಾಗಿ ಬಿಳಿಯ ಅಥವಾ ಹಸಿರುಬೂದಿಯಂಥ ಬೂಷ್ಟು ಹೊದ್ದ ಹುಳು ಶಿಲೀಂಧ್ರಕ್ಕೆ ಸತ್ತದ್ದು, ಕಪ್ಪಾಗಿ ನೀರೊಡೆದು ವಾಸನೆ ಬರುವಂಥದ್ದು ಬ್ಯಾಕ್ಟೀರಿಯಾದಿಂದ ಅಥವಾ ಗಾಯದಿಂದ ಸತ್ತದ್ದು. ಇವೆರಡನ್ನೂ ಕಣಜದ ಲೆಕ್ಕಕ್ಕೆ ಸೇರಿಸಬಾರದು.

ಲೆಕ್ಕ ಹಾಕುವ ರೀತಿ ಹೀಗೆ: ಜೀವಂತ ಹುಳು ಮತ್ತು ಕೋಶಗಳ ಸಂಖ್ಯೆಗೆ ಕಣಜ ಹಿಡಿದವುಗಳ ಸಂಖ್ಯೆಯನ್ನು ಕೂಡಿಸಿ, ಆ ಮೊತ್ತದಲ್ಲಿ ಕಣಜ ಹಿಡಿದವುಗಳ ಪಾಲು ನೂರಕ್ಕೆ ಎಷ್ಟು ಎಂದು ನೋಡಬೇಕು. ಆರೋಗ್ಯವಾಗಿರುವ ಹುಳು 40, ಕಣಜ ಹಿಡಿದದ್ದು 10 ಎಂದಾದರೆ ಪ್ರಮಾಣ ಶೇ 20. ಖಾಲಿ ಹಳೆಯ ಗೂಡುಗಳನ್ನು ಬೇರೆ ಕಾಲಂನಲ್ಲಿ ಬರೆದಿಡುವುದು ಲೇಸು, ಏಕೆಂದರೆ ಅವು ಹಿಂದಿನ ಪೀಳಿಗೆಯವು, ಅವನ್ನೂ ಸೇರಿಸಿಕೊಂಡರೆ ಪ್ರಮಾಣ ಇಲ್ಲದಷ್ಟು ಹಿಗ್ಗುತ್ತದೆ. ಬರುವ ಅಂಕಿ ಸಣ್ಣದಾಗಿದ್ದರೆ ನಿರಾಶೆ ಬೇಡ. ಗಟ್ಟಿಮರದೊಳಗಿನ ಹುಳುವಿನ ಮೇಲೆ ಕಣಜದ ಪ್ರಮಾಣ ಬ್ಲಾಕಿನಿಂದ ಬ್ಲಾಕಿಗೆ, ವರ್ಷದಿಂದ ವರ್ಷಕ್ಕೆ ಬಹಳ ಏರುಪೇರಾಗುತ್ತದೆ.

ಒಂದು ಕಣಜ ನಿಜವಾಗಿಯೂ ಕಾಂಡಕೊರಕದಿಂದಲೇ ಬಂತೆಂದು ಖಚಿತಪಡಿಸಿಕೊಳ್ಳಲು ಒಂದೇ ದಾರಿಯಿದೆ. ಕಣಜದ ಮರಿ ಅಥವಾ ಗೂಡು ಇರುವ ಹುಳುವನ್ನು ಸುರಂಗದ ಚೂರಿನೊಂದಿಗೇ ಎತ್ತಿ, ಗಾಜಿನ ಕೊಳವೆಯಲ್ಲಿಟ್ಟು ಹತ್ತಿಯಿಂದ ಬಾಯಿ ಮುಚ್ಚಬೇಕು. ಒಂದು ಕೊಳವೆಗೆ ಒಂದೇ ಹುಳು. ಕೊಳವೆಗಳನ್ನು ಬಿಸಿಲು ಬೀಳದ ಕಡೆ ಇಟ್ಟು ದಿನವೂ ನೋಡುತ್ತಿದ್ದರೆ ಕೆಲವು ವಾರಗಳಲ್ಲಿ ಕಣಜಗಳು ಹೊರಬರುತ್ತವೆ. ಬೆಥಿಲಿಡೇ ಕುಟುಂಬದ ಕೆಲವು ಕಣಜಗಳು ಮನುಷ್ಯರನ್ನೂ ಕುಟುಕಿ ಚರ್ಮದಲ್ಲಿ ತುರಿಕೆ, ದದ್ದು ಉಂಟುಮಾಡುತ್ತವೆ, ಹಾಗಾಗಿ ಬರಿಗೈಯಿಂದ ಹಿಡಿಯದೆ ಒದ್ದೆ ಬ್ರಷ್ಷಿನಿಂದಲೇ ಎತ್ತುವುದು ಕ್ಷೇಮ.

ಕತ್ತಲೆ ಡಬ್ಬಿ

ಸೀಳದೆ ಉಳಿಸಿದ ತುಂಡುಗಳಿಂದ ಕಣಜಗಳನ್ನು ಹೊರತರಿಸಲು ಮುಚ್ಚಳವಿರುವ ತಗಡಿನ ಡಬ್ಬ ಅಥವಾ ಬೆಳಕು ತೂರದ ಡ್ರಮ್ ಸಾಕು. ಡಬ್ಬದ ಮೇಲ್ಭಾಗದಲ್ಲಿ ರಂಧ್ರ ಮಾಡಿ ಪಾರದರ್ಶಕ ಬಾಟಲಿಯೊಂದನ್ನು ಹೊರಚಾಚುವಂತೆ ಬಿಗಿಯಾಗಿ ಕೂರಿಸಬೇಕು. ಒಳಗೆ ಕತ್ತಲೆ ಇರುವುದರಿಂದ ರೆಕ್ಕೆಯುಳ್ಳ ಕೀಟಗಳು ಬೆಳಕನ್ನರಸಿ ಬಾಟಲಿಗೆ ಬಂದು ಸೇರುತ್ತವೆ. ಆದರೆ ಮೇಲೆ ಹೇಳಿದ ಅಪೆನೇಸಿಯಾ ಹೆಣ್ಣಿಗೆ ರೆಕ್ಕೆಯೂ ಇಲ್ಲ, ಬೆಳಕಿನ ಸೆಳೆತವೂ ಅಷ್ಟಿಲ್ಲ. ಬಾಟಲಿಯನ್ನಷ್ಟೇ ನೋಡಿಕೊಂಡು ಕೂತರೆ ಗಂಡುಗಳು ಸಿಗುತ್ತವೆ, ಬೇಕಾದ ಹೆಣ್ಣುಗಳು ತಳದ ಹುಡಿಯಲ್ಲೇ ಉಳಿದು ಸಾಯುತ್ತವೆ. ಡಬ್ಬದ ತಳಕ್ಕೆ ಬಿಳಿ ಕಾಗದ ಹಾಸಿ, ಎರಡು ಮೂರು ದಿನಗಳಿಗೊಮ್ಮೆ ಕಾಗದವನ್ನು ಹೊರತೆಗೆದು ಹುಡಿಯನ್ನು ಜಾಲಾಡಬೇಕಾದದ್ದು ಇದೇ ಕಾರಣಕ್ಕೆ.

ತುಂಡುಗಳ ಎರಡೂ ತುದಿಗಳಿಗೆ ಕರಗಿಸಿದ ಮೇಣ ಹಚ್ಚಿದರೆ ಮರ ಬೇಗ ಒಣಗುವುದಿಲ್ಲ, ಹುಳುಗಳೂ ಕಣಜದ ಮರಿಗಳೂ ಬದುಕಿರುತ್ತವೆ. ಬೇಸಿಗೆಯ ಸುತ್ತಿನಲ್ಲಿ ವಾರಕ್ಕೊಮ್ಮೆ ತೊಗಟೆಗೆ ನೀರು ಚಿಮುಕಿಸಬಹುದು. ಸೆಪ್ಟೆಂಬರ್‌ನ ಸುತ್ತಿನಲ್ಲಿ ನೀರು ಕೊಡುವುದಿರಲಿ, ಬೂಷ್ಟು ಬಾರದಂತೆ ತಡೆಯುವುದೇ ದೊಡ್ಡ ಕೆಲಸವಾಗುತ್ತದೆ. ಡಬ್ಬದ ಬದಿಯಲ್ಲಿ ಸಣ್ಣ ಕಿಂಡಿಗಳ ತಂತಿ ಜಾಲರಿ ಹಾಕಿದ ಗಾಳಿಕಿಂಡಿ ಇರಬೇಕು, ಡಬ್ಬವನ್ನು ನೆಲಕ್ಕೆ ತಾಗಿಸದೆ ಒಣ ಕೋಣೆಯಲ್ಲಿಡಬೇಕು.

ಎರಡು ತಿಂಗಳು ಇಟ್ಟುಕೊಂಡರೆ ಸಾಮಾನ್ಯವಾಗಿ ಸಾಕು. ಕಾಂಡಕೊರಕದ ಹುಳುವಿಗೆ ಬೆಳೆಯಲು ಒಂಬತ್ತು ಹತ್ತು ತಿಂಗಳು ಬೇಕಾದರೆ ಕಣಜಕ್ಕೆ ಬೇಕಾದದ್ದು ಕೆಲವೇ ವಾರಗಳು. ಈ ಅಂತರವೇ ನಮಗೆ ಇರುವ ಅವಕಾಶ: ಎರಡು ತಿಂಗಳಲ್ಲಿ ಕಣಜಗಳು ಹೊರಬಂದಿರುತ್ತವೆ, ಬಹುಪಾಲು ಕೊರಕ ಹುಳುಗಳು ಇನ್ನೂ ಮರದೊಳಗೇ ಇರುತ್ತವೆ, ಆಗ ತುಂಡುಗಳನ್ನು ಸುಟ್ಟರೆ ನಷ್ಟವಿಲ್ಲ. ಈ ನಡುವೆ ದುಂಬಿಯಾಗಿ ಹೊರಬಂದವು ಡಬ್ಬದಲ್ಲೇ ಸಿಕ್ಕಿಬೀಳುತ್ತವೆ, ಅವನ್ನು ಅಲ್ಲೇ ಕೊಲ್ಲಬೇಕು.

ತೋಟದೊಳಗಿನ ಜಾಲರಿ ಪೆಟ್ಟಿಗೆ

ಕಣಜಗಳಿರುವುದು ಖಚಿತವಾದ ಬ್ಲಾಕಿನಲ್ಲಿ ಮಾತ್ರ ಮುಂದಿನ ಹೆಜ್ಜೆಗೆ ಹೋಗಬೇಕು. ಕಣಜವೇ ಸಿಗದ ಕಡೆ ಬೋರರ್ ಕಟ್ಟಿಗೆಯನ್ನು ತೋಟದಲ್ಲಿಟ್ಟುಕೊಳ್ಳುವುದು ಶುದ್ಧ ಅಪಾಯ, ಅಲ್ಲಿ ಕಿತ್ತ ದಿನವೇ ಸುಡುವುದು ಒಳ್ಳೆಯದು.

ಇಲ್ಲಿನ ತತ್ವ ಸರಳ. ದುಂಬಿ ದಪ್ಪ, ಕಣಜ ತೆಳು. ದುಂಬಿಯನ್ನು ತಡೆದು ಕಣಜವನ್ನು ಹೊರಬಿಡುವ ಕಿಂಡಿಯ ಜಾಲರಿಯೊಳಗೆ ಕಾಂಡಗಳನ್ನಿಡಬೇಕು. ಕಬ್ಬಿಣದ ಚೌಕಟ್ಟಿಗೆ ಆರೂ ಕಡೆ, ತಳಕ್ಕೂ ಸೇರಿಸಿ, ತಂತಿ ಜಾಲರಿ ಬಿಗಿಯಬೇಕು. ಕಿಂಡಿಯ ಅಗಲ ಒಂದೂವರೆ ಮಿಲಿಮೀಟರ್ ಮೀರಬಾರದು. ನೈಲಾನ್ ಜಾಲರಿ, ಗೋಣಿ, ಬಟ್ಟೆ ಯಾವುದೂ ನಡೆಯುವುದಿಲ್ಲ, ಗಟ್ಟಿಮರವನ್ನೇ ಕೊರೆದು ಬರುವ ದವಡೆಗೆ ಅವು ಲೆಕ್ಕಕ್ಕಿಲ್ಲ. ಬಾಗಿಲಿನ ಸಂದು, ಮೂಲೆಯ ಜೋಡಣೆ ಇವನ್ನು ವಿಶೇಷವಾಗಿ ನೋಡಿಕೊಳ್ಳಬೇಕು. ಪೆಟ್ಟಿಗೆ ಸಿದ್ಧವಾದ ಮೇಲೆ ಹಿಡಿದ ಕೆಲವು ಜೀವಂತ ದುಂಬಿಗಳನ್ನು ಒಳಗೆ ಬಿಟ್ಟು, ಮನೆಯ ಕೋಣೆಯೊಂದರಲ್ಲಿ ರಾತ್ರಿ ಹಗಲು ಇಟ್ಟು, ಒಂದೂ ತಪ್ಪಿಸಿಕೊಳ್ಳಲಿಲ್ಲವೆಂದು ಖಾತ್ರಿಯಾದ ಬಳಿಕವಷ್ಟೇ ತೋಟಕ್ಕೆ ಒಯ್ಯಬೇಕು. ಈ ಪರೀಕ್ಷೆ ಮಾಡದ ಪೆಟ್ಟಿಗೆ ಕಣಜದ ಬದಲು ಬೋರರ್ ಅನ್ನೇ ಹಂಚುವ ಪೆಟ್ಟಿಗೆಯಾಗಬಹುದು.

ಮಳೆ ನೀರು ಬೀಳದಂತೆ ಮೇಲೊಂದು ಶೀಟು ಹೊದಿಸಿ, ಬ್ಲಾಕಿನ ನಡುವೆ ನೆರಳಿನಲ್ಲಿ ಕಾಲುಗಳ ಮೇಲೆ ನಿಲ್ಲಿಸಬೇಕು. ಕಾಲುಗಳಿಗೆ ಗ್ರೀಸ್ ಸವರದಿದ್ದರೆ ಇರುವೆಗಳು ಹತ್ತಿ ಗೂಡುಗಳನ್ನು ಸೂರೆ ಮಾಡುತ್ತವೆ. ಸವರಿದರೆ ರೆಕ್ಕೆಯಿಲ್ಲದ ಅಪೆನೇಸಿಯಾ ಹೆಣ್ಣು ಕೆಳಗಿಳಿಯಲಾರದು. ಹೀಗಾಗಿ ಗ್ರೀಸ್ ಸವರಿಯೇ, ತಳದಲ್ಲಿ ತಟ್ಟೆಯಿಟ್ಟು, ಅದರಲ್ಲಿ ಉದುರಿದ ಹೆಣ್ಣುಗಳನ್ನು ಬ್ರಷ್ಷಿನಿಂದ ಕೊಳವೆಗೆ ತುಂಬಿಕೊಂಡು, ಸಂಜೆಯ ಹೊತ್ತಿನಲ್ಲಿ ಹೊಸದಾಗಿ ಉಬ್ಬುಗೆರೆ ಕಂಡ ಗಿಡಗಳ ಕಾಂಡದ ಮೇಲೆ ಬಿಡುವುದು ನನ್ನ ಶಿಫಾರಸು. ಈ ಕುಟುಂಬದ ಕೆಲವು ಕಣಜಗಳಲ್ಲಿ ರೆಕ್ಕೆಯುಳ್ಳ ಗಂಡು ರೆಕ್ಕೆಯಿಲ್ಲದ ಹೆಣ್ಣನ್ನು ಕೂಡುವ ವೇಳೆ ಹೊತ್ತುಕೊಂಡು ಹಾರುವುದುಂಟು, ಆದರೂ ಅವು ತಾವಾಗಿ ದೂರದ ಗಿಡಗಳಿಗೆ ಹರಡುತ್ತವೆಂದು ನಂಬಿ ಕೂರುವಂತಿಲ್ಲ. ಎರಡು ತಿಂಗಳಾದ ಕೂಡಲೇ ಪೆಟ್ಟಿಗೆಯ ಕಟ್ಟಿಗೆಯೂ ಬೆಂಕಿಗೆ ಹೋಗಬೇಕು. ಒಂದು ಬ್ಲಾಕಿಗೆ ಒಂದು ಪೆಟ್ಟಿಗೆ ಸಾಕು, ಕಿತ್ತ ಗಿಡಗಳಲ್ಲಿ ಸಣ್ಣ ಪಾಲು ಮಾತ್ರ ಅದಕ್ಕೆ. ಉಳಿದದ್ದೆಲ್ಲ ಎಂದಿನಂತೆ ಸುಡಬೇಕು.

ಬಿಟ್ಟ ಕಣಜ ಬದುಕುವಂತೆ ನೋಡಿಕೊಳ್ಳುವುದು

ಬೆಳೆದ ಕಣಜಗಳಲ್ಲಿ ಹಲವಕ್ಕೆ ಮಕರಂದದಂಥ ಸಿಹಿ ಆಹಾರ ಬೇಕು. ಕಾಫಿಯ ಹೂವು ಹೂಮಳೆಯ ನಂತರ ಕೆಲವೇ ದಿನ ಇರುತ್ತದೆ, ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಕಾಲುದಾರಿಯ ಅಂಚು, ಬೇಲಿಸಾಲು, ತೋಡಿನ ದಂಡೆಗಳಲ್ಲಿ ಸಣ್ಣ ಹೂವಿನ ಕಳೆಗಳನ್ನು ಪೂರ್ತಿ ಬೋಳಿಸದೆ ಒಂದಿಷ್ಟು ಉಳಿಸುವುದು ಖರ್ಚಿಲ್ಲದ ಉಪಾಯ.

ಕಣಜಕ್ಕೆ ಅತಿ ದೊಡ್ಡ ಶತ್ರು ಕೀಟನಾಶಕ. ದುಂಬಿ ಹಾರುವ ಕಾಲದಲ್ಲಿ ಕಾಂಡಕ್ಕೆ ಹೊಡೆಯುವ ಔಷಧಿ ಅದೇ ಕಾಂಡದ ಮೇಲೆ ಓಡಾಡುವ ಕಣಜವನ್ನೂ ಕೊಲ್ಲುತ್ತದೆ. ಕಣಜ ಇರುವುದು ಖಚಿತವಾದ ಬ್ಲಾಕಿನಲ್ಲಿ ಔಷಧಿಯ ಬದಲು ಕಾಫಿ ಮಂಡಳಿ ಶಿಫಾರಸು ಮಾಡುತ್ತಾ ಬಂದಿರುವ ಶೇ 10ರ ಸುಣ್ಣದ ದ್ರಾವಣವನ್ನು ಕಾಂಡಕ್ಕೂ ದಪ್ಪ ಕೊಂಬೆಗಳಿಗೂ ಬಳಿಯಬಹುದು, ನಾರಿನ ಕೈಗವಸಿನಿಂದ ಸಡಿಲ ತೊಗಟೆ ಉಜ್ಜಿ ತೆಗೆದು ದುಂಬಿಗೆ ಮೊಟ್ಟೆಯಿಡುವ ಜಾಗವೇ ಇಲ್ಲದಂತೆ ಮಾಡಬಹುದು, ಮೋಹಕ ಬಲೆಗಳನ್ನು ಹಾಕಬಹುದು. ಈ ಬಲೆಗಳಲ್ಲಿ ಬಳಸುವುದು ಗಂಡು ದುಂಬಿ ಬಿಡುಗಡೆ ಮಾಡುವ ವಾಸನೆ, ಅದಕ್ಕೆ ಬಂದು ಬೀಳುವುದು ಹೆಣ್ಣು ದುಂಬಿ, ಆದ್ದರಿಂದ ಕಣಜಗಳಿಗೆ ಅದರಿಂದ ತೊಂದರೆ ಕಡಿಮೆ. ಸಿಂಪಡಿಸಲೇಬೇಕಾದ ಪರಿಸ್ಥಿತಿ ಬಂದರೆ ಕಣಜ ಬಿಡುವ ಕೆಲಸವನ್ನು ಆ ಹಂಗಾಮಿನಲ್ಲಿ ಮುಂದೂಡಬೇಕು. ಎರಡನ್ನೂ ಒಟ್ಟಿಗೆ ಮಾಡುವುದು ದುಡ್ಡು ಮತ್ತು ಶ್ರಮ ಎರಡರ ವ್ಯರ್ಥ.

ನೆರಳಿನ ವಿಚಾರವನ್ನು ಇಲ್ಲಿ ಬಿಡುವಂತಿಲ್ಲ. ಬಿಸಿಲು ಬಿದ್ದ ಕಾಂಡವನ್ನೇ ದುಂಬಿ ಹುಡುಕುವುದರಿಂದ, ಮರಗಸಿಯಲ್ಲಿ, ಅಂದರೆ ನೆರಳುಮರಗಳ ಕೊಂಬೆ ಸವರುವಾಗ, ಕೈಮೀರಿ ನೆರಳು ತೆಗೆದ ವರ್ಷದ ಬೋರರ್ ಹಾವಳಿಯನ್ನು ಯಾವ ಕಣಜವೂ ಸರಿದೂಗಿಸಲಾರದು. ಮೈಸೂರು, ಕೊಡಗು, ವಯನಾಡಿನ ತೋಟಗಳು ಬೋರರ್‌ಗೆ ಸಿಕ್ಕಿ ನಾಶವಾಗುತ್ತಿದ್ದಾಗ ಮದ್ರಾಸ್ ಸರ್ಕಾರಕ್ಕಾಗಿ ಡಾ. ಜಾರ್ಜ್ ಬಿಡಿ ಎಂಬ ವೈದ್ಯರು ವರದಿ ಕೊಟ್ಟದ್ದು 1869ರಲ್ಲಿ. ನೆರಳಿನ ಪಾಠ ಅಂದಿನಷ್ಟೇ ಹಳೆಯದು, ಆದರೂ ಫಸಲಿನ ಆಸೆಗೆ ಅದನ್ನು ಮರೆಯುವವರು ಇಂದಿಗೂ ಇದ್ದಾರೆ. ಏಪ್ರಿಲ್ ಬಿಸಿಲಿಗೆ ಕಾಂಡ ತೆರೆದುಕೊಳ್ಳದಂತೆ ಹಾಲುವಾಣದಂಥ ಕೆಳನೆರಳು ಮತ್ತು ಎತ್ತರದ ಕಾಡುಮರಗಳ ಮೇಲ್ನೆರಳು ಎರಡೂ ಇರಬೇಕು.

ಕೊಂಡು ಬಿಡುವ ಕಣಜಗಳ ಬಗ್ಗೆ

ಭತ್ತ, ಕಬ್ಬಿಗೆ ಟ್ರೈಕೊಗ್ರಾಮಾ ಎಂಬ ಮೊಟ್ಟೆಯ ಪರತಂತ್ರ ಕಣಜದ ಕಾರ್ಡು ಸಿಗುವಂತೆ ಕಾಂಡಕೊರಕಕ್ಕೂ ಕಣಜದ ಕಾರ್ಡು ಏಕಿಲ್ಲ ಎಂಬ ಪ್ರಶ್ನೆ ಸಹಜ. ಉತ್ತರ ಆಹಾರದಲ್ಲಿದೆ. ಟ್ರೈಕೊಗ್ರಾಮಾವನ್ನು ಅಕ್ಕಿಪತಂಗದ ಮೊಟ್ಟೆಗಳ ಮೇಲೆ ಲಕ್ಷಗಟ್ಟಲೆ ಬೆಳೆಸಬಹುದು, ಆ ಪತಂಗವನ್ನು ಧಾನ್ಯದ ನುಚ್ಚಿನಲ್ಲಿ ಸಾಕಬಹುದು. ಅಪೆನೇಸಿಯಾಕ್ಕೆ ಬೇಕಾದದ್ದು ಮರದೊಳಗೆ ತಿಂಗಳುಗಟ್ಟಲೆ ಬೆಳೆದ ದಪ್ಪ ಹುಳು, ಅದನ್ನು ಸಾಕುವುದೇ ಕಣಜ ಸಾಕುವುದಕ್ಕಿಂತ ಕಷ್ಟ. ಚೀನಾದಲ್ಲಿ ಇದೇ ಬೆಥಿಲಿಡೇ ಕುಟುಂಬದ ಸ್ಕ್ಲೆರೊಡರ್ಮಸ್ ಕಣಜಗಳನ್ನು ಹಿಟ್ಟಿನಹುಳುವಿನ ಕೋಶಗಳ ಮೇಲೆ ಬೆಳೆಸುವ ದಾರಿ ಕಂಡುಕೊಂಡ ಮೇಲೆಯೇ ಮರಕೊರಕ ದುಂಬಿಗಳ ವಿರುದ್ಧ ದೊಡ್ಡ ಪ್ರಮಾಣದಲ್ಲಿ ಬಿಡಲು ಸಾಧ್ಯವಾದದ್ದು. ಅಂಥ ಬದಲಿ ಆಹಾರ ಸಿದ್ಧಿಸುವವರೆಗೆ ತೋಟದಲ್ಲಿರುವ ಕಣಜವನ್ನು ಉಳಿಸಿಕೊಳ್ಳುವುದೇ ಬೆಳೆಗಾರನ ಕೈಯಲ್ಲಿರುವ ದಾರಿ.

ಯಾರಾದರೂ ಕಾಂಡಕೊರಕಕ್ಕೆ ಕಣಜ ಮಾರಲು ಬಂದರೆ ಪ್ರಭೇದದ ಪೂರ್ಣ ಹೆಸರು, ಅದು ಕೊರಕದ ಯಾವ ಹಂತವನ್ನು ಹಿಡಿಯುತ್ತದೆ, ಯಾವ ಹುಳುವಿನ ಮೇಲೆ ಬೆಳೆಸಿದ್ದು, ಹೊರಬಂದು ಎಷ್ಟು ದಿನವಾಯಿತು ಎಂಬುದನ್ನು ಬರಹದಲ್ಲಿ ಕೇಳಬೇಕು. ಹೊರದೇಶದ ಕಣಜವನ್ನು ತರಿಸಿಕೊಳ್ಳುವುದಕ್ಕೆ 2003ರ ಸಸ್ಯ ಸಂಗರೋಧ ಆದೇಶದ ಪ್ರಕಾರ ಪೂರ್ವಾನುಮತಿ ಕಡ್ಡಾಯ, ಖಾಸಗಿಯಾಗಿ ತಂದು ಬಿಡುವುದು ಕಾನೂನುಬಾಹಿರ.

ಸಿಕ್ಕ ಕಣಜದ ಹೆಸರು ತಿಳಿಯಬೇಕಾದರೆ ಮಾದರಿಯನ್ನು ಸರಿಯಾಗಿ ಕಾಪಾಡಬೇಕು. ಸತ್ತ ಕಣಜಗಳನ್ನು ಶೇ 70ರ ಆಲ್ಕೋಹಾಲ್ ತುಂಬಿದ ಸಣ್ಣ ಶೀಶೆಯಲ್ಲಿ, ಗಂಡು ಹೆಣ್ಣು ಎರಡನ್ನೂ ಸೇರಿಸಿ ಇಡಬೇಕು, ಏಕೆಂದರೆ ಅಪೆನೇಸಿಯಾದಂಥ ಗುಂಪುಗಳಲ್ಲಿ ಪ್ರಭೇದ ನಿರ್ಧಾರಕ್ಕೆ ಗಂಡು ಅಗತ್ಯ. ಶಾಯಿ ಆಲ್ಕೋಹಾ‍ಲ್‌ನಲ್ಲಿ ಕರಗುವುದರಿಂದ ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಶೀಶೆಯ ಒಳಗೇ ಹಾಕಬೇಕು: ಊರು, ಬ್ಲಾಕಿನ ಹೆಸರು, ಕಾಫಿಯ ತಳಿ, ಅಂದರೆ ಕಾವೇರಿಯೋ ಸೆಲೆಕ್ಷನ್ 795ವೋ ಚಂದ್ರಗಿರಿಯೋ ಎಂಬುದು, ಗಿಡ ಕಿತ್ತ ದಿನಾಂಕ, ಕಣಜ ಹೊರಬಂದ ದಿನಾಂಕ, ಹುಳು ತೊಗಟೆಯ ಕೆಳಗಿತ್ತೋ ಗಟ್ಟಿಮರದಲ್ಲಿತ್ತೋ ಎಂಬ ವಿವರ. ಕಣಜ ಹೊರಬಂದ ಹುಳುವಿನ ಚರ್ಮ ಮತ್ತು ತಲೆಚಿಪ್ಪನ್ನು ಅದೇ ಶೀಶೆಗೆ ಹಾಕಿದರೆ ಆಸರೆ ಕೀಟ ಯಾವುದೆಂಬ ಸಂದೇಹ ಉಳಿಯುವುದಿಲ್ಲ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯ ಕೀಟಶಾಸ್ತ್ರ ವಿಭಾಗವನ್ನು ಮೊದಲು ವಿಚಾರಿಸಿ ಮಾದರಿಯನ್ನು ತಲುಪಿಸಬೇಕು. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಲ್ಲಿಯೂ ಕೀಟಗಳ ಗುರುತಿಸುವಿಕೆಗೆ ತಜ್ಞರಿದ್ದಾರೆ. ಶೀಶೆಗಳನ್ನು ಹತ್ತಿಯಲ್ಲಿ ಸುತ್ತಿ ಗಟ್ಟಿ ಡಬ್ಬದಲ್ಲಿಟ್ಟು ಕೈಯಾರೆ ಒಯ್ಯುವುದು ಉತ್ತಮ, ಸೀಳಿ ಎಣಿಸಿದ ಲೆಕ್ಕದ ಹಾಳೆಯ ಒಂದು ಪ್ರತಿಯನ್ನೂ ಜೊತೆಗೆ ಕೊಡಬೇಕು.